ನುಗ್ಗೆಸೊಪ್ಪಿನ ಋಣ

1978ರ ಮಾತು. ದೀಪ ಹಚ್ಚುವ ಹೊತ್ತಾದರೆ ನನ್ನ ತಮ್ಮ ಗೋಡೆ ತಡವುತ್ತ ಒಳಗೆ ಬರುತ್ತಿದ್ದ. ಹೊಸಿಲು ಎಡವಿ ಹಾಲಿನ ಚೊಂಬು ಉರುಳಿಸಿದ ಸಂಜೆ ಅಪ್ಪ ಬೆನ್ನಿಗೆ ಎರಡು ಬಿಟ್ಟರು. "ಕಣ್ಣು ಎಲ್ಲಿಟ್ಕೊಂಡಿದ್ದೀಯೋ?"

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಮೊದಲು ಕೇಳಿದ್ದು, "ಹುಡುಗ ಸೊಪ್ಪು ತಿಂತಾನೇನಮ್ಮ?" ಅಮ್ಮ ತಲೆ ತಗ್ಗಿಸಿದರು. ಅನ್ನ, ತಿಳಿಸಾರು, ಅಷ್ಟೇ ಅವನ ಊಟ. ಹಿತ್ತಲಲ್ಲಿ ನುಗ್ಗೆಮರವಿತ್ತು, ಕಾಯಿ ನಮಗೆ, ಸೊಪ್ಪು ಎಮ್ಮೆಗೆ!

ಅದು ಇರುಳುಗುರುಡು. ಮಬ್ಬುಬೆಳಕಿನಲ್ಲಿ ಕಾಣಲು ಅಕ್ಷಿಪಟಕ್ಕೆ ವಿಟಮಿನ್ 'ಎ' ಬೇಕು. ಕೊರತೆ ಹಾಗೇ ಮುಂದುವರಿದರೆ ಕಣ್ಣು ಒಣಗಿ, ಹುಣ್ಣಾಗಿ, ಹಗಲಿನ ದೃಷ್ಟಿಯೂ ಹೋಗಬಹುದು. ಡಾಕ್ಟರು ವಿಟಮಿನ್ ದ್ರಾವಣ ಕುಡಿಸಿ, ನುಗ್ಗೆಸೊಪ್ಪಿನ ಪಲ್ಯ, ಮಾಗಿದ ಪರಂಗಿಹಣ್ಣು ಕೊಡಲು ಹೇಳಿದರು. "ಪಲ್ಯಕ್ಕೆ ಎಣ್ಣೆ ಒಗ್ಗರಣೆ ಬಿಡಬೇಡಿ. ಜಿಡ್ಡಿಲ್ಲದೆ ಅದರ ಸತ್ವ ಮೈಗೆ ಹತ್ತೋದಿಲ್ಲ."

(ಕ್ಯಾರೆಟ್ ತಿಂದರೆ ಕನ್ನಡಕ ಬಿಡಬಹುದೆಂದು ನಂಬುವ ತಂದೆತಾಯಿಯರಿದ್ದಾರೆ. ಅದು ಬೇರೆಯೇ ದೋಷ. ದಿನವೂ ಕ್ಯಾರೆಟ್ ಮೆಲ್ಲುವ ನನ್ನ ಮಗಳ ಮೂಗಿನ ಮೇಲೆ ಕನ್ನಡಕ ಹಾಗೇ ಇದೆ.)

ಕೆಲವೇ ದಿನಗಳಲ್ಲಿ ತಮ್ಮ ಮುಸ್ಸಂಜೆಯಲ್ಲೂ ಗೋಲಿ ಆಡತೊಡಗಿದ. ಆ ಏಟಿನ ಬಗ್ಗೆ ಅಪ್ಪ ಎಂದೂ ಮಾತಾಡಲಿಲ್ಲ. ಆದರೆ ಅಂದಿನಿಂದ ನುಗ್ಗೆಸೊಪ್ಪು ಕೊಯ್ಯುವ ಕೆಲಸವನ್ನು ಬೇರೆ ಯಾರಿಗೂ ಬಿಡಲಿಲ್ಲ.