ಕೈಕೊಟ್ಟ ಪರಿವಿಡಿ

ಗುಮ್ಮಳಾಪುರದ ಅಜ್ಜಿಯರಿಂದ ನಮ್ಮ ಯುವಜನರು ಬರೆದುಕೊಂಡ ಸೋಬಾನೆ ಪದಗಳ ಪುಸ್ತಕ ಮರುದಿನ ಮುದ್ರಣಕ್ಕೆ ಹೋಗಬೇಕಿತ್ತು. ವರ್ಡ್‌ನಲ್ಲಿ ಪರಿವಿಡಿ ಸೇರಿಸಿದೆ. ಒಳಗೆಲ್ಲ ಚೆಂದದ ಕನ್ನಡ, ಪರಿವಿಡಿಯಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಬಿಎಸ್ಸಿ ಓದಿದ ಜಂಬ ಇಳಿಯಿತು. ಒಂದೊಂದೇ ಸಾಲಿನ ಫಾಂಟ್ ಬದಲಿಸಿದೆ. ‘ಅಪ್‌ಡೇಟ್’ ಒತ್ತಿದ್ದೇ ತಡ, ಮತ್ತೆ ಮೊದಲಿನಂತೆ.

ಹಳೆಯ ನುಡಿ ಫಾಂಟಿನಲ್ಲಿ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಸಂಕೇತ. ನಾನು ನುಡಿ ಫಾಂಟ್ ಕೊಟ್ಟಿದ್ದು ‘ಹೆಡಿಂಗ್ 1’ ಶೈಲಿಗೆ. ಪರಿವಿಡಿ ನಡೆಯುವುದು ‘ಟಿಓಸಿ 1’ ಶೈಲಿಯಂತೆ. ಅದಕ್ಕೂ ಅದೇ ಫಾಂಟ್ ಕೊಟ್ಟು, ಬಲಕ್ಕೆ ಚುಕ್ಕಿಸಾಲಿನ ಟ್ಯಾಬ್ ಇಟ್ಟೆ. ಸರಿಹೋಯಿತು. (ಯೂನಿಕೋಡ್‌ನಲ್ಲಿ ಟೈಪಿಸಿದ್ದರೆ ಈ ಪಾಡೇ ಇರುತ್ತಿರಲಿಲ್ಲ.)

ಬೆಳಿಗ್ಗೆ ಪ್ರಿಂಟ್ ತೋರಿಸಿದೆ. ಮೊಮ್ಮಗಳು ತಮಿಳು ಶಾಲೆಯವಳು, ಕನ್ನಡ ಓದಲು ಬಾರದು. ಅಜ್ಜಿಯೇ ಪರಿವಿಡಿಯ ಮೇಲೆ ಬೆರಳಿಟ್ಟು ತನ್ನ ಪದ ಹುಡುಕಿದರು. “ಹನ್ನೆರಡನೇ ಪುಟ, ತೆಗಿ” ಎಂದು ಮೊಮ್ಮಗಳ ಕೈಗೆ ಕೊಟ್ಟರು.