ಕೋಟೆ ಉರುಳಿದ ಊರಿನಲ್ಲಿ

ಉತ್ತರ ಇಟಲಿಯ ಮಜ್ಜೋರೆ ಸರೋವರದ ದಡದಲ್ಲಿ ಅರೋನಾ ಎಂಬ ಸಣ್ಣ ಪಟ್ಟಣವಿದೆ. ಆ ಊರಿನ ಇತಿಹಾಸವೆಂದರೆ ಬಹುಪಾಲು ಬೊರೊಮೆಯೊ ಮನೆತನದ ಇತಿಹಾಸವೇ. ಟಸ್ಕನಿಯಿಂದ ಮಿಲಾನಿಗೆ ಬಂದು ಲೇವಾದೇವಿಯಲ್ಲಿ ಹಣ ಮಾಡಿದ ಮನೆತನವದು. ಹಣದ ಹಿಂದೆಯೇ ಪದವಿಯೂ ಬಂತು. 1439ರಲ್ಲಿ ಅರೋನಾ, 1449ರಲ್ಲಿ ಎದುರು ದಡದ ಅಂಜೇರಾ ಕೋಟೆ ಅವರ ಕೈಸೇರಿದವು. ಎರಡೂ ದಡ ಒಂದೇ ಮನೆಯವರದಾದರೆ ನಡುವಿನ ನೀರು ಯಾರದೆಂದು ಕೇಳಬೇಕಿಲ್ಲ.

ಈ ಮನೆತನದ ಲಾಂಛನದಲ್ಲಿರುವ ಪದ 'ವಿನಯ'. ಅದರ ಮೇಲೊಂದು ಕಿರೀಟ! ಇವೆರಡೂ ಒಟ್ಟಿಗೆ ಹೇಗೆ ಬಾಳುತ್ತವೆ ಎಂಬುದೇ ನಮ್ಮ ಕುತೂಹಲ.

ಕಾರ್ಲೊ ಬೊರೊಮೆಯೊ ಹುಟ್ಟಿದ್ದು 1538ರಲ್ಲಿ, ಅರೋನಾದ ಕೋಟೆಯಲ್ಲಿ. ಸೋದರಮಾವ ಪೋಪ್ ಆದದ್ದೇ ತಡ, 21ರ ಹರೆಯದಲ್ಲಿ ಕಾರ್ಡಿನಲ್ ಆದರು. ಇದು ಶುದ್ಧ ಸ್ವಜನಪಕ್ಷಪಾತವೇ. ಆದರೆ 1562ರಲ್ಲಿ ಅಣ್ಣ ತೀರಿಕೊಂಡಾಗ, ಮದುವೆಯಾಗಿ ವಂಶ ಮುಂದುವರಿಸುವ ದಾರಿ ತೆರೆದಿದ್ದರೂ ಅವರು ಪಾದ್ರಿಯ ದೀಕ್ಷೆ ಪಡೆದರು. 1576ರಲ್ಲಿ ಮಿಲಾನಿಗೆ ಪ್ಲೇಗ್ ಬಂತು. ಗವರ್ನರ್ ಊರು ಬಿಟ್ಟರು, ಶ್ರೀಮಂತರೂ ಬಿಟ್ಟರು. ಆರ್ಚ್‌ಬಿಷಪ್ ಕಾರ್ಲೊ ಉಳಿದರು. ಸಾಲ ಮಾಡಿ ಹಸಿದವರಿಗೆ ಉಣಿಸಿದರು, ಅರಮನೆಯ ಪರದೆಗಳನ್ನು ಬಡವರ ಬಟ್ಟೆಯಾಗಿಸಿದರು, ಬರಿಗಾಲಲ್ಲಿ ಬೀದಿ ಬೀದಿ ನಡೆದರು. ಇದೇ ಕಾರ್ಲೊ 1583ರಲ್ಲಿ ಸ್ವಿಸ್ ಗಡಿಯ ಮೆಸೊಲ್ಚಿನಾ ಕಣಿವೆಗೆ ಹೋದಾಗ, ಮಾಟಗಾತಿಯರೆಂಬ ಆರೋಪ ಹೊತ್ತ ಹಲವರು ಬೆಂಕಿಗೆ ಆಹುತಿಯಾದರು. ಸಂತನ ಕಥೆ ಹೇಳುವವರು ಈ ಪುಟವನ್ನು ಬೇಗ ತಿರುವುತ್ತಾರೆ. ನಮಗೆ ಅದು ಸಾಧ್ಯವಾಗುವುದಿಲ್ಲ.

1610ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು. 1698ರಲ್ಲಿ ಅರೋನಾದ ಗುಡ್ಡದ ಮೇಲೆ ಅವರ ಪ್ರತಿಮೆ ಪೂರ್ಣಗೊಂಡಿತು. ಪೀಠ ಸೇರಿ ಸುಮಾರು 35 ಮೀಟರ್ ಎತ್ತರ. ಮೈಯೆಲ್ಲ ತಾಮ್ರದ ತಗಡು, ಒಳಗೆ ಏಣಿ. ಅಮೆರಿಕದ ಸ್ವಾತಂತ್ರ್ಯ ಪ್ರತಿಮೆಯ ಶಿಲ್ಪಿ ಬಾರ್ತೊಲ್ಡಿ ಇದನ್ನು ನೋಡಿ ಪಾಠ ಕಲಿತರಂತೆ. ನಾವೂ ಏದುಸಿರು ಬಿಡುತ್ತಾ ಮೇಲೇರಿ ಸಂತನ ಕಣ್ಣಿನ ತೂತಿನಿಂದ ಹೊರಗೆ ನೋಡಿದೆವು. ಕಂಡದ್ದು ಸರೋವರ, ಆಚೆ ದಡದಲ್ಲಿ ಇಂದಿಗೂ ಬೊರೊಮೆಯೊಗಳದೇ ಆಗಿರುವ ಅಂಜೇರಾ ಕೋಟೆ. ಬರಿಗಾಲಲ್ಲಿ ನಡೆದವರಿಗೆ ಇಷ್ಟು ಎತ್ತರ ಬೇಕಿತ್ತೇ? ಅವರು ಹುಟ್ಟಿದ ಕೋಟೆಯನ್ನಂತೂ 1800ರಲ್ಲಿ ನೆಪೋಲಿಯನ್ ಕೆಡವಿಸಿದ; ಈಗ ಅಲ್ಲಿ ಉಳಿದಿರುವುದು ಪಾಳುಗೋಡೆಗಳು.

ಪ್ರತಿಮೆಗಿಂತ ನಮಗೆ ಹೆಚ್ಚು ಹಿಡಿಸಿದ್ದು ಈ ಮನೆತನದ ಮತ್ತೊಬ್ಬರ ಕೆಲಸ. ಕಾರ್ಲೊ ಅವರ ದಾಯಾದಿ, ಕಾರ್ಡಿನಲ್ ಫೆದೆರಿಕೊ, 1609ರಲ್ಲಿ ಮಿಲಾನಿನಲ್ಲಿ ಅಂಬ್ರೋಸಿಯಾನಾ ಗ್ರಂಥಾಲಯವನ್ನು ಸಾರ್ವಜನಿಕರಿಗೆ ತೆರೆದರು. ಪುಸ್ತಕ ಕೊಳ್ಳಲು ಪೂರ್ವದೇಶಗಳಿಗೂ ಜನರನ್ನು ಕಳುಹಿಸಿದರು. ಅರಬಿ ಹಸ್ತಪ್ರತಿಗಳು ಬಂದವು. ಪ್ರಾಣಿಗಳ ಕುರಿತು ಬಸ್ರಾದ ಅಲ್-ಜಾಹಿಜ್ ಬರೆದ ಗ್ರಂಥದ ಸಚಿತ್ರ ಪ್ರತಿಯೊಂದು ಈಗಲೂ ಅಲ್ಲಿದೆ. ಅಲ್ಲಿನ ವಿದ್ವಾಂಸ ಜಿಜ್ಜೆಯಿ ನಾಲ್ಕು ಸಂಪುಟಗಳ ಅರಬಿ-ಲ್ಯಾಟಿನ್ ನಿಘಂಟನ್ನು ಸಿದ್ಧಪಡಿಸಿದರು. ಅದು ಅಚ್ಚಾಗಿ ಹೊರಬಂದದ್ದು 1632ರಲ್ಲಿ, ಫೆದೆರಿಕೊ ತೀರಿಕೊಂಡ ಮರುವರ್ಷ.