ಸಾವಿರ ಹಾಡಿನ ಕಾರ್ಡು

ಬೈಲಹೊಂಗಲದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಧಾರವಾಡ ಆಕಾಶವಾಣಿಯಿಂದ. ಹಾಸಿಗೆ ಮಡಿಸುವ ಮೊದಲೇ ಅಪ್ಪ ರೇಡಿಯೊದ ಕಿವಿ ಹಿಂಡುತ್ತಿದ್ದ. 2012ರ ಹೊತ್ತಿಗೆ ಅವನ ಕಣ್ಣು ಮಬ್ಬಾಗಿ ಪೇಪರ್ ಓದುವುದು ನಿಂತಿತು. ಅದೇ ಚಳಿಗಾಲದಲ್ಲಿ ರೇಡಿಯೊವೂ ಗೊರಗೊರ ಎಂದು ಸುಮ್ಮನಾಯಿತು. ಪಡಸಾಲೆಯ ಕಂಬಕ್ಕೆ ಒರಗಿ ಸುಮ್ಮನೆ ಕೂತಿರುತ್ತಿದ್ದ ಅವನನ್ನು ನೋಡಿದರೆ ಕಸಿವಿಸಿಯಾಗುತ್ತಿತ್ತು.

ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದೆವು. ಬಳೆ, ಭಂಡಾರ, ಬೆಂಡು-ಬತ್ತಾಸದ ಅಂಗಡಿಗಳ ನಡುವೆ ಒಬ್ಬ ಮೆಮರಿ ಕಾರ್ಡು ಹರವಿಕೊಂಡು ಕೂತಿದ್ದ. ‘ಶಾಸ್ತ್ರೀಯ ಸಂಗೀತ, 4 ಜಿಬಿ, 1000 ಹಾಡು’ ಎಂದು ಚೀಟಿ ಅಂಟಿಸಿದ್ದ. 300 ಹೇಳಿದ, 250ಕ್ಕೆ ಇಳಿಸಿದೆ. ಕಾರ್ಡು ಹಾಕುವ ಪುಟ್ಟ ಡಬ್ಬಿಯನ್ನೂ ಬೇರೆ ರೊಕ್ಕ ಕೊಟ್ಟು ಕೊಂಡೆ. ಕಾರ್ಡಿನ ಮೇಲೆ ಕಂಪನಿಯ ಹೆಸರಿರಲಿಲ್ಲ. ಕದ್ದ ಮಾಲಿರಬಹುದು ಎಂದು ಆಗ ಹೊಳೆಯಲಿಲ್ಲ ಅಂದರೆ ಸುಳ್ಳಾದೀತು. ಹೊಳೆದಿತ್ತು. ಆದರೆ ಹಾಡಿಗೆ ನಾಲ್ಕಾಣೆ ಬಿದ್ದ ಖುಷಿಯಲ್ಲಿ ಅದನ್ನು ಗುಡ್ಡದ ಮೇಲೆಯೇ ಬಿಟ್ಟು ಬಂದೆ.

ರಾತ್ರಿ ಡಬ್ಬಿ ಹಚ್ಚಿದೆವು. ಭೀಮಸೇನ ಜೋಶಿಯವರ ದನಿ. ಅಪ್ಪ ನೆಟ್ಟಗೆ ಕೂತ. ವಿಲಂಬಿತ ಈಗಷ್ಟೇ ಅರಳತೊಡಗಿತ್ತು, ಅಷ್ಟರಲ್ಲಿ ಟಕ್ಕನೆ ನಿಂತು ಯಾವುದೋ ಸಿತಾರ್ ಶುರುವಾಯಿತು. ಅದೂ ನಾಲ್ಕು ನಿಮಿಷಕ್ಕೆ ಕತ್ತು ಮುರಿದುಕೊಂಡಿತು.

“ಊಟಕ್ಕ ಕುಂಡ್ರಿಸಿ ತಾಟು ಕಸಕೊಂಡಂಗ ಆತಲ್ಲೋ,” ಎಂದ ಅಪ್ಪ.

ಆರನೆಯ ಇಯತ್ತೆಯಲ್ಲಿದ್ದ ನನ್ನ ಮಗಳು ಮರುದಿನ ಲೆಕ್ಕ ಹಾಕಿ ತೋರಿಸಿದಳು. ಸಾಧಾರಣ ಎಂಪಿ3ಯಲ್ಲಿ, ಅಂದರೆ 128 ಕೆಬಿಪಿಎಸ್‌ನಲ್ಲಿ, ಒಂದು ನಿಮಿಷಕ್ಕೆ ಸುಮಾರು ಒಂದು ಎಂಬಿ ಬೇಕು. 4 ಜಿಬಿಯಲ್ಲಿ ನಾಲ್ಕು ಸಾವಿರ ನಿಮಿಷ. ಅದನ್ನು ಸಾವಿರದಿಂದ ಭಾಗಿಸಿದರೆ ಹಾಡಿಗೆ ನಾಲ್ಕೇ ನಿಮಿಷ. “ಅಪ್ಪಾ, ಚೀಟಿ ಮ್ಯಾಲೆ ಬರದದ್ದಕ್ಕ ಉತ್ತರ ಬಂತು ನೋಡು!” ಅರ್ಧ ಗಂಟೆಯ ಖ್ಯಾಲಿಗೆ ಮೂವತ್ತು ಎಂಬಿಯಾದರೂ ಬೇಡವೇ? ಕೊಳ್ಳುವ ಮೊದಲು ನಾನು ಕೇಳಬೇಕಿದ್ದ ಪ್ರಶ್ನೆ ಅದೊಂದೇ ಆಗಿತ್ತು.

ಹೆಸರುಗಳೂ ಇರಲಿಲ್ಲ. ಟ್ರ್ಯಾಕ್ 1, ಟ್ರ್ಯಾಕ್ 2, ಅಷ್ಟೇ. ನಾನು ಕಾರ್ಡು ಎಸೆಯಲು ಹೊರಟೆ. “ಇರಲಿ ಬಿಡು, ಯಾರ ದನಿ ಅಂತರ ನೋಡೂಣು,” ಎಂದ ಅಪ್ಪ. ಅಂದಿನಿಂದ ಸಂಜೆಯ ಕೆಲಸ ಶುರುವಾಯಿತು. ಮೊಮ್ಮಗಳು ನೋಟ್‌ಬುಕ್ ಹಿಡಿದು ನಂಬರ್ ಕೂಗುವಳು. ಅಪ್ಪ ಕಣ್ಣು ಮುಚ್ಚಿ ಕೇಳಿ, ಯಾರು, ಯಾವ ರಾಗ ಎಂದು ಬರೆಸುವನು.

“ಅಜ್ಜಾ, ಹಾಡಾಕತ್ತಿರೋ ಈ ಅಜ್ಜ ಯಾರು?”

“ಅಜ್ಜ ಅಲ್ಲವ್ವಾ, ಅಜ್ಜಿ! ನಮ್ಮ ಹುಬ್ಬಳ್ಳಿ ಗಂಗೂಬಾಯಿ ಹಾನಗಲ್ಲರು.” ಗಂಗೂಬಾಯಿಯವರು ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದ ಕಥೆ ಆ ಸಂಜೆ ಬಂತು. ಮಲ್ಲಿಕಾರ್ಜುನ ಮನಸೂರರ ಟ್ರ್ಯಾಕ್ ಬಂದಾಗ ಅಪ್ಪನ ಸ್ವಂತ ಕಥೆ. ಪ್ರಾಯದಲ್ಲಿ ಧಾರವಾಡದಲ್ಲಿ ರಾತ್ರಿ ಅವರ ಹಾಡು ಕೇಳಿ, ಸಿಕ್ಕ ಲಾರಿ ಹತ್ತಿ ಕಿತ್ತೂರಿಗೆ ಬಂದು, ಬೈಲಹೊಂಗಲದ ಮೊದಲ ಬಸ್ಸಿಗಾಗಿ ಚಳಿಯಲ್ಲಿ ನಡುಗುತ್ತ ಕೂತದ್ದು. ಒಮ್ಮೆ ನಡುವೆ ಯಾವುದೋ ಜಾಝ್ ತುತ್ತೂರಿ ಬಂತು. ಮುಂದೆ ಒತ್ತಲು ಹೋದೆ, ಅಪ್ಪ ಕೈ ಹಿಡಿದ. “ತಡಿ, ಇವನೂ ಆಲಾಪ ಮಾಡಾಕತ್ತಾನ. ಸನಾದಿ ಹಂಗ ಐತಿ.” ಮಗಳು ‘ಸನಾದಿ, ಪರದೇಶದ್ದು’ ಎಂದು ಬರೆದಳು.

ಎರಡು ವರ್ಷದ ಮೇಲೆ ತಂಗಿಯ ಮನೆಗೆಂದು ರಾಮದುರ್ಗಕ್ಕೆ ಹೋದಾಗ ಒಂದು ಕ್ಯಾಸೆಟ್ ಅಂಗಡಿ ಬಾಗಿಲು ಹಾಕುವುದರಲ್ಲಿತ್ತು. “ಎಲ್ಲಾರೂ ಮೊಬೈಲಿನ್ಯಾಗ ಕೇಳ್ತಾರ್ರೀ ಸರ, ಒಯ್ಯುವಷ್ಟು ಒಯ್ರಿ,” ಎಂದು ಅಂಗಡಿಯವರು ಧೂಳು ಹಿಡಿದ ಡಬ್ಬಿಯನ್ನೇ ಮುಂದಿಟ್ಟರು. ಇಪ್ಪತ್ತೆರಡು ಅಸಲಿ ಸಿ.ಡಿ.ಗಳಿಗೆ 500 ರೂಪಾಯಿ. ಹೊದಿಕೆಯ ಮೇಲೆ ಹಾಡುವವರು, ರಾಗ, ತಾಳ, ತಬಲಾ ಯಾರದು, ಎಷ್ಟು ನಿಮಿಷ, ಎಲ್ಲವೂ ಇತ್ತು. ಎರಡು ಸಿ.ಡಿ. ಗೀರು ಬಿದ್ದು ಕೆಟ್ಟಿದ್ದವು, ಹೋಗಲಿ. ಉಳಿದವನ್ನು ಕಂಪ್ಯೂಟರಿಗೆ ಇಳಿಸಿ, ಹೆಸರು ಸಮೇತ ಹೊಸ ಕಾರ್ಡಿಗೆ ತುಂಬಿದೆ. ಅಂದು ರಾತ್ರಿ ಮನಸೂರರ ರಾಗವೊಂದು ಕೊನೆಯವರೆಗೂ ಹಾಡಿ ಮುಗಿಯಿತು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನೀರು ಕೇಳಿದ.

ಆದರೂ ಮರುದಿನ ಸಂಜೆ ಅಜ್ಜ-ಮೊಮ್ಮಗಳು ಮತ್ತೆ ಆ ಹಳೇ ಕಾರ್ಡನ್ನೇ ಹಾಕಿಕೊಂಡು ಕೂತಿದ್ದರು. ನೋಟ್‌ಬುಕ್ ಮುಗಿಯಬೇಕಲ್ಲ!

ಈಗ ನಾನು ಸಂಗೀತ ಕೂಡಿಸುವುದರಲ್ಲಿ ಸ್ವಲ್ಪ ಪಳಗಿದ್ದೇನೆ. ನಮ್ಮ ದೇಶದ ಕಾನೂನಿನಂತೆ ಧ್ವನಿಮುದ್ರಣವೊಂದು ಪ್ರಕಟವಾದ ಮೇಲೆ 60 ವರ್ಷ ಅದರ ಹಕ್ಕು ಉಳಿಯುತ್ತದೆ. ಅದು ತೀರಿದ ಹಳೆಯ ಮುದ್ರಿಕೆಗಳು ಎಲ್ಲರವೂ ಹೌದು. 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರದನ್ನು ಹೀಗೆ ಪುಕ್ಕಟೆ ಕೇಳುತ್ತೇನೆ. ಆ ಕಾಲದ 78ರ ತಟ್ಟೆಯಲ್ಲಿ ಒಂದು ಬದಿಗೆ ಮೂರು ನಿಮಿಷವಷ್ಟೇ ಹಿಡಿಸುತ್ತಿತ್ತು. ಆದರೆ ಅದು ಕತ್ತರಿಸಿದ ಹಾಡಲ್ಲ. ಆ ಮೂರು ನಿಮಿಷದಲ್ಲೇ ಅವರು ರಾಗವನ್ನು ಕೂಡಿಸಿ, ಕಟ್ಟಿ, ಮುಗಿಸಿಕೊಡುತ್ತಾರೆ. ಅಂಗಡಿಯೊಂದರಲ್ಲಿ ಅವರ ಅಂಥ ತಟ್ಟೆ ಹಾಡುವುದನ್ನು ಕೇಳಿಯೇ ಗದಗಿನ ಹುಡುಗ ಭೀಮಸೇನರಿಗೆ ಸಂಗೀತದ ಹುಚ್ಚು ಹಿಡಿದದ್ದು. ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದರು. ಬಾಗಿಲಲ್ಲಿ ನಿಂತು ಕೇಳಿದ್ದಕ್ಕೆ ಅಂಗಡಿಯವನು ರೊಕ್ಕ ಕೇಳಿರಲಿಕ್ಕಿಲ್ಲ.

ಅಪ್ಪ 2016ರಲ್ಲಿ ಹೋದ. ನೋಟ್‌ಬುಕ್ 163ಕ್ಕೆ ನಿಂತಿತ್ತು. ಮೊನ್ನೆ ಕಪಾಟು ತೆಗೆದಾಗ ಕೈಗೆ ಸಿಕ್ಕಿತು, ರಜೆಗೆ ಬಂದಿದ್ದ ಮಗಳು ಡಬ್ಬಿಯನ್ನು ಚಾರ್ಜಿಗಿಟ್ಟಳು. 164ನೆಯ ಟ್ರ್ಯಾಕ್ ಹಚ್ಚಿದೆವು. ಅವಳು ತೋಡಿ ಅಂದಳು, ನಾನು ಮುಲ್ತಾನಿ ಅಂದೆ. ಸ್ವರಗಳು ಎರಡಕ್ಕೂ ಒಂದೇ. ಒಂದು ಬೆಳಗಿನ ರಾಗ, ಇನ್ನೊಂದು ಇಳಿಹೊತ್ತಿನದು. ಮೂರು ಸಲ ಕೇಳಿದರೂ, ಯಾವುದೆಂದು ತಿಳಿಯುವಷ್ಟರಲ್ಲಿ ಟಕ್ಕನೆ ನಿಲ್ಲುತ್ತದೆ. ಆ ಸಾಲನ್ನು ಖಾಲಿ ಬಿಟ್ಟು ಅವಳು 165 ಎಂದು ಬರೆದಳು.